ಟ್ಯಾಂಕಿನ ಏಣಿ ಮತ್ತು ಪರವಾನಗಿ ಬೇಡದ ತರಂಗ

...ಅಥವಾ ಕಾರಿನ ಹಾರ್ನ್ ಕೇಳಿಸಿಕೊಂಡವಳು ನಾನೇ ಅಲ್ಲವೇನೋ. ಆಮೇಲೆ ಆ ಊರಿನಲ್ಲಿ ಎಷ್ಟು ಜನ ಅದನ್ನು ಬಾಯಲ್ಲಿ ಬಾರಿಸಿ ತೋರಿಸಿದರೆಂದರೆ, ಅವರ ಹಾರ್ನ್ ನನ್ನ ಕಿವಿಯೊಳಗೆ ಕೂತು ನನ್ನದೇ ನೆನಪಿನ ವೇಷ ಹಾಕಿಕೊಂಡಿರಬಹುದು. ನೋಟ್‌ಬುಕ್ಕಿನಲ್ಲಿ ಆ ದಿನದ ಕೆಳಗೆ ಇರುವುದು ಇಷ್ಟೇ: "ಬ್ಯಾಟರಿ ಕಳಚಿದೆ. ಕಾರು ತೆರೆಯಿತು." ಹಾರ್ನಿನ ವಿಷಯ ಇಲ್ಲ. ಅಕ್ಷರ ನನ್ನದೇ.

ಖಚಿತವಾಗಿ ಗೊತ್ತಿರುವುದನ್ನು ಮೊದಲು ಹೇಳುತ್ತೇನೆ. ನಾನು ಶಿಕಾರಿಪುರದಲ್ಲಿ ಪಂಪಿನ ಸ್ಟಾರ್ಟರು, ಪ್ಯಾನೆಲ್ ಬೋರ್ಡು ರಿಪೇರಿ ಮಾಡುತ್ತೇನೆ. ಸೊರಬ ತಾಲೂಕಿನಲ್ಲಿ, ಕ್ಯಾಸನೂರಿನ ಕಡೆಗೆ ಹೋಗುವ ದಾರಿಯ ಒಂದು ಊರಿನವರು ಕುಡಿಯುವ ನೀರಿನ ಟ್ಯಾಂಕಿಗೆ ಮಟ್ಟ ತೋರಿಸುವ ಯಂತ್ರ ಬೇಕೆಂದು ಕೇಳಿದರು. ಪಂಪ್‌ಹೌಸು ಕೆರೆ ಏರಿಯ ಕೆಳಗಿದೆ. ಟ್ಯಾಂಕು ಗುಡ್ಡದ ಮೇಲೆ. ನಡುವೆ ಒಂದೂಕಾಲು ಕಿಲೋಮೀಟರು, ಅದರಲ್ಲಿ ಬಹುಪಾಲು ಅಕೇಶಿಯ ನೆಡುತೋಪು. ಊರೊಳಗೆ ಮೊಬೈಲ್ ಸಿಗುತ್ತದೆ, ಪಂಪ್‌ಹೌಸಿನಲ್ಲಿ ಸಿಗುವುದಿಲ್ಲ. ಹಾಗಾಗಿ ಫೋನಿನಿಂದ ನಡೆಯುವ ಸ್ಟಾರ್ಟರು ಅಲ್ಲಿ ಉಪಯೋಗವಿಲ್ಲ.

ಆ ಊರಿನ ನೀರುಗಂಟಿ ಒಬ್ಬ ಹೆಂಗಸು. ಪಂಚಾಯಿತಿ ಕಾಗದದಲ್ಲಿ ಹುದ್ದೆಯ ಹೆಸರು ವಾಟರ್‌ಮನ್, ಊರವರ ಬಾಯಲ್ಲಿ ಅವರು ವಾಟರ್‌ಮನ್ನಕ್ಕ. ಐವತ್ತು ದಾಟಿದವರು. ಪಂಪ್ ಹಾಕಿ, ಗುಡ್ಡ ಹತ್ತಿ, ಟ್ಯಾಂಕಿನ ಕಬ್ಬಿಣದ ಏಣಿ ಹತ್ತಿ, ಮುಚ್ಚಳ ಸರಿಸಿ ನೀರು ಎಷ್ಟಾಯಿತೆಂದು ನೋಡಿ, ಮತ್ತೆ ಇಳಿದು ಬಂದು ಪಂಪ್ ನಿಲ್ಲಿಸಬೇಕು. ತಡವಾದರೆ ತುಂಬಿ ಚೆಲ್ಲಿ ಕೆಳಗಿನ ಅಂಗನವಾಡಿಯ ಅಂಗಳಕ್ಕೆ ನೀರು ನುಗ್ಗುತ್ತದೆ. ಟ್ಯಾಂಕಿನ ಹೊರಮೈಯಲ್ಲಿ ಮಟ್ಟ ತೋರಿಸುವ ಹಲಗೆಯೊಂದು ಇದೆ; ಅದು ತುಕ್ಕು ಹಿಡಿದು ಅರ್ಧದಲ್ಲಿ ಸಿಕ್ಕಿಕೊಂಡು ಎಷ್ಟೋ ವರ್ಷವಾಗಿದೆ. ಹಿಂದಿನ ವರ್ಷ ಅಕ್ಕ ಆ ಏಣಿಯಿಂದ ಬಿದ್ದಿದ್ದರು. ಮೊಣಕಾಲಿಗೆ ಪ್ಲೇಟು ಹಾಕಿದ ಡಾಕ್ಟರು ಇನ್ನು ಏಣಿ ಹತ್ತಬಾರದು ಎಂದು ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಅಕ್ಕ ಯಾರಿಗೂ ತೋರಿಸಿರಲಿಲ್ಲ. ತೋರಿಸಿದರೆ ಆ ಕೆಲಸಕ್ಕೆ ಪಂಚಾಯಿತಿ ಮೆಂಬರೊಬ್ಬರ ಭಾವಮೈದ ಕಾದಿದ್ದ. ನನಗೆ ತೋರಿಸಿದರು. ಯಾಕೆಂದು ಕೇಳಲಿಲ್ಲ.

ಮೊದಲ ಸಲ ನಾನು ತಂದದ್ದು ೪೩೩ ಮೆಗಾಹರ್ಟ್ಸಿನ ರೇಡಿಯೊ ಮಾಡ್ಯೂಲ್. ಬೆಂಕಿಪೊಟ್ಟಣದಷ್ಟು ದೊಡ್ಡದು, ಒಂದು ವ್ಯಾಟ್ ಶಕ್ತಿ. ಎಲ್ಲ ಅಂಗಡಿಯಲ್ಲೂ ಸಿಗುವುದು ಅದೇ. ಸೆನ್ಸರನ್ನೂ ಮಾಡ್ಯೂಲನ್ನೂ ಟ್ಯಾಂಕಿನ ಮೇಲೆ ಕೂರಿಸಿ, ಬ್ಯಾಟರಿಯನ್ನು ಮಾತ್ರ ಕೆಳಗೆ ಇಟ್ಟು ವೈರ್ ಎಳೆದೆ. ಏಣಿಗೆ ಮೂವತ್ತೆರಡು ಮೆಟ್ಟಿಲು. ಅಥವಾ ಮೂವತ್ತನಾಲ್ಕು. ಎಣಿಸಿದ್ದು ನೆನಪಿದೆ, ಎಣಿಕೆ ನೆನಪಿಲ್ಲ. ಪಂಪ್‌ಹೌಸಿನಲ್ಲಿಟ್ಟ ಪೆಟ್ಟಿಗೆಯ ಪರದೆಯ ಮೇಲೆ, ಟ್ಯಾಂಕು ನೂರಕ್ಕೆ ಎಷ್ಟು ತುಂಬಿದೆ ಎಂಬ ಅಂಕಿ ಮೂಡಿದಾಗ ಅಕ್ಕ ಅದನ್ನು ಬೆರಳಿಂದ ಮುಟ್ಟಿ, "ಇದು ಅಲ್ಲಿರೋದಾ?" ಎಂದು ಕೇಳಿದರು.

ಸಂದೇಶ ತಪ್ಪೀತೆಂಬ ಭಯ ನನಗೆ. ಮರಗಳನ್ನು ದಾಟಬೇಕೆಂದು ತೀರ ನಿಧಾನದ ವೇಗ ಇಟ್ಟಿದ್ದೆ. ಆ ವೇಗದಲ್ಲಿ ಒಂದು ಸಂದೇಶ ಹೋಗಿ ಮುಗಿಯಲು ಸುಮಾರು ಒಂದೂವರೆ ಸೆಕೆಂಡು ಬೇಕು. ಅಷ್ಟಕ್ಕೂ ಸಮಾಧಾನವಾಗದೆ ಎರಡು ಸೆಕೆಂಡಿಗೊಮ್ಮೆ ಕಳಿಸುವಂತೆ ಮಾಡಿದೆ. ಟ್ಯಾಂಕಿನ ನೀರು ಎರಡು ಸೆಕೆಂಡಿನಲ್ಲಿ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಇಲ್ಲ. ಆದರೂ.

ಪಂಚಾಯಿತಿಗೆ ಕೊಡುವ ಕಾಗದದಲ್ಲಿ, ಈ ಉಪಕರಣ ನಿಯಮಾನುಸಾರ ಇದೆ ಎಂಬ ಸಾಲಿನ ಕೆಳಗೆ ಸಹಿ ಹಾಕಿದೆ. ಆಗ ನನಗೆ ನಿಯಮ ಗೊತ್ತಿರಲಿಲ್ಲ ಎಂದು ಬರೆದುಬಿಡಬಹುದು. ಎಲ್ಲೋ ಓದಿ, ಓದಿದ್ದನ್ನು ಆಚೆ ಸರಿಸಿದ್ದೆ ಎಂದೇ ಈಗ ಅನಿಸುತ್ತದೆ.

ಒಂದು ತಿಂಗಳ ಮೇಲೆ ಪಶುವೈದ್ಯರು ಕಾಲುಬಾಯಿ ಲಸಿಕೆ ಹಾಕಲು ಆ ಊರಿಗೆ ಬಂದರು. ಟ್ಯಾಂಕಿನ ಬುಡದಲ್ಲಷ್ಟೇ ಸಮತಟ್ಟು ಜಾಗ, ಚೌಡಿ ದೇವಿಯ ಕಲ್ಲಿನ ಪಕ್ಕ. ಅಲ್ಲಿ ಕಾರು ನಿಲ್ಲಿಸಿ ಲಾಕ್ ಮಾಡಿ ಯಾವುದೋ ಎಮ್ಮೆ ನೋಡಿಬಂದರೆ, ಕಾರು ತೆರೆಯಲೊಲ್ಲದು. ರಿಮೋಟ್ ಒತ್ತಿ ಒತ್ತಿ ಸಾಕಾಗಿ ಬೀಗದ ಕೈ ಹಾಕಿ ತಿರುಗಿಸಿದಾಗ ಕಳ್ಳನೆಂದು ತಿಳಿದು ಕಾರು ಕೂಗಿಕೊಂಡಿತು. ಇದೇ ಆ ಹಾರ್ನ್. ನಾಲ್ಕು ಎಮ್ಮೆ ಹಗ್ಗ ಕಿತ್ತುಕೊಂಡು ಓಡಿದವಂತೆ. ನಾನು ನನ್ನ ಪೆಟ್ಟಿಗೆಯ ಬ್ಯಾಟರಿ ಪರೀಕ್ಷೆಗೆ ಹೋಗಿದ್ದೆ. ಹಾರ್ನಿಗಿಂತ ಮೊದಲು ತಲುಪಿದೆನೋ ಆಮೇಲೋ, ಅದೇ ತಿಳಿಯುತ್ತಿಲ್ಲ.

ಅಲ್ಲಿದ್ದ ಒಬ್ಬ ಮುದುಕರು ಹೇಳಿದ್ದು ಮಾತ್ರ ನೆನಪಿದೆ. "ಚೌಡಿ ಕಲ್ಲಿನ ಹತ್ರ ಕಾರ್ ನಿಲ್ಸಿದ್ರೆ ಇನ್ನೆಂತಾಗ್ತದೆ? ಒಂದು ತಿಂಗ್ಳಾತು, ಇಲ್ಲಿ ಯಾವ ಕಾರೂ ಸುಮ್ನೆ ಬಾಗ್ಲು ತೆಗೀತಿಲ್ಲ. ಒಂದು ಕಾಯಿ ಒಡೀರಿ ಡಾಕ್ಟ್ರೇ."

"ಕಾಯಿ ಒಡೆಯೋಕೂ ಕಾರಲ್ಲೇ ಕತ್ತಿ ಐತಲ್ರೀ ಯಜಮಾನ್ರೇ" ಎಂದರು ಪಶುವೈದ್ಯರು.

ಒಂದು ತಿಂಗಳು. ನನ್ನ ಪೆಟ್ಟಿಗೆ ಕೂರಿಸಿಯೂ ಅಷ್ಟೇ ಆಗಿತ್ತು. ಬ್ಯಾಟರಿಯ ತಂತಿ ಕಳಚಿದೆ. "ಈಗ ಲಾಕ್ ಮಾಡಿ, ತೆಗೀರಿ ಸರ್" ಎಂದೆ. ಟುಕ್ ಎಂದಿತು. ತಂತಿ ಹಾಕಿದೆ. ಸುಮ್ಮನಾಯಿತು. ಕಳಚಿದೆ. ಟುಕ್.

ಕಾರಿನ ರಿಮೋಟುಗಳು ಮಾತಾಡುವುದೂ ಅದೇ ೪೩೩ರ ಸುತ್ತ. ನನ್ನ ಪೆಟ್ಟಿಗೆ ಎರಡು ಸೆಕೆಂಡಿನಲ್ಲಿ ಒಂದೂವರೆ ಸೆಕೆಂಡು ಅರಚುತ್ತಲೇ ಇತ್ತು. ರಿಮೋಟಿನ ಪಿಸುಮಾತಿಗೆ ಸಂದಿಯೇ ಇರಲಿಲ್ಲ.

ಪಶುವೈದ್ಯರು ನಕ್ಕರು. "ಏನ್ರೀ ಮೇಡಂ, ಊರೋರ ಕೈಲಿ ತಿಂಗ್ಳಿಂದ ಕಾಯಿ ಒಡೆಸ್ತಾ ಇದ್ದದ್ದು ನೀವೇನ್ರೀ?" ಆಮೇಲೆ ನಗು ನಿಲ್ಲಿಸಿ, "ನಾಳೆ ೧೦೮ ಬಂದ್ರೂ ನಿಲ್ಸೋದು ಇಲ್ಲೇ, ನೋಡ್ರಿ" ಎಂದರು.

ಶಿಕಾರಿಪುರಕ್ಕೆ ಬಂದು ಅಧಿಸೂಚನೆಗಳನ್ನು ಹುಡುಕಿ ಓದಿದೆ. ೪೩೩ರಿಂದ ೪೩೪ರವರೆಗೆ ಪರವಾನಗಿ ಬೇಡ, ನಿಜ. ಆದರೆ ಕಟ್ಟಡದ ಒಳಗಿನ ಬಳಕೆಗೆ ಮಾತ್ರ, ಹತ್ತು ಮಿಲಿವ್ಯಾಟ್ ಮೀರದಂತೆ. ನನ್ನದು ಅದರ ನೂರು ಪಟ್ಟು, ಊರಿನ ಅತಿ ಎತ್ತರದ ಜಾಗದಲ್ಲಿ, ಬಯಲಲ್ಲಿ. ಬೆಂಗಳೂರಿನ ಅಂಗಡಿಯವನಿಗೆ ಫೋನ್ ಮಾಡಿದರೆ, "ಎಲ್ರೂ ಅದೇ ಹಾಕ್ತಾರೆ ಮೇಡಂ, ಇದುವರ್ಗೂ ಯಾರೂ ವಾಪಸ್ ತಂದಿಲ್ಲ" ಎಂದ. ಯಾರೂ ವಾಪಸ್ ತರದಿರುವುದು ಅವನ ಮಟ್ಟಿಗೆ ಸರ್ಟಿಫಿಕೇಟು.

ಬೇರೆ ದಾರಿಗಳನ್ನು ನೋಡಿದೆ. ೨.೪ ಗಿಗಾಹರ್ಟ್ಸ್‌ಗೆ ಬಯಲಲ್ಲೂ ಪರವಾನಗಿ ಬೇಡ, ಆದರೆ ಒದ್ದೆ ಎಲೆ ಅದನ್ನು ನುಂಗಿಬಿಡುತ್ತದೆ. ೯೧೫ ಎಂದು ಬರೆದ ಮಾಡ್ಯೂಲ್‌ಗಳು ಅಮೆರಿಕಕ್ಕಾಗಿ ಮಾಡಿದಂಥವು. ನಮ್ಮಲ್ಲಿ ಆ ಜಾಗ ಫೋನ್ ಕಂಪನಿಗಳದು. ೮೬೮ ಎಂದು ಬರೆದವು ಯುರೋಪಿನವು. ನಮಗೆ ಬಿಟ್ಟಿರುವುದು ೮೬೫ರಿಂದ ಶುರುವಾಗುವ ಒಂದು ಸಣ್ಣ ಪಟ್ಟಿ. ಅಲ್ಲಿ ಒಂದು ವ್ಯಾಟ್‌ವರೆಗೆ ಬಯಲಲ್ಲೂ ಬಳಸಬಹುದು. ಒಂದೇ ಷರತ್ತು: ಆ ಮಾದರಿಗೆ ಇಟಿಎ ಎಂಬ ಅನುಮೋದನೆ ಪತ್ರ ಇರಬೇಕು.

ಹೊಸ ಮಾಡ್ಯೂಲ್ ಆಯ್ದು ತರಿಸುವವರೆಗೆ ಹಳೆಯದನ್ನು ಏನು ಮಾಡುವುದು? ಎರಡು ಸೆಕೆಂಡನ್ನು ಐದು ನಿಮಿಷ ಮಾಡಿದರೆ ಕಾರುಗಳಿಗೆ ಗೊತ್ತೂ ಆಗುವುದಿಲ್ಲ. ಕೂತಲ್ಲೇ ಪ್ರೋಗ್ರಾಮಿನ ಎರಡು ಸಾಲು ಬದಲಿಸಿದರೆ ಆಯಿತು. ಬದಲಿಸಿಯೂ ಇಟ್ಟೆ. ಆಮೇಲೆ ಕಂಡದ್ದು: ಹಾಗೆ ಮಾಡಿದರೆ ಯಾರ ದೂರೂ ಬರುವುದಿಲ್ಲ, ದೂರು ಬರದಿದ್ದರೆ ನಾನು ಅದನ್ನು ಎಂದೂ ತೆಗೆಯುವುದಿಲ್ಲ. ನನ್ನ ಸಹಿ ಮಾತ್ರ ಆ ಕಾಗದದ ಮೇಲೆ ಕೂತೇ ಇರುತ್ತದೆ. ನಾಳೆ ಯಾರಾದರೂ ಬಂದು ಪೆಟ್ಟಿಗೆ ಜಪ್ತಿ ಮಾಡಿದರೆ ಪಂಚಾಯಿತಿ ಮೊದಲು ಕೇಳುವುದು ನನ್ನನ್ನಲ್ಲ, ಪಂಪ್‌ಹೌಸಿನ ಕೀಲಿ ಇಟ್ಟುಕೊಂಡ ಅಕ್ಕನನ್ನು.

ತೆಗೆಯುತ್ತೇನೆಂದು ಅಕ್ಕನಿಗೆ ಹೇಳಲು ಹೋದೆ. ಅವರು ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕಾಲು ನೀಡಿ ಕೂತಿದ್ದರು.

"ಕಾರು ಬಂದಾಗ ಬಂದ್ ಮಾಡಿದ್ರೆ ಆತಲ್ಲ ತಂಗಿ?"

"ಕಾರಿನ ಮಾತಲ್ಲ ಅಕ್ಕ. ಹೊರಗಡೆ ಇಷ್ಟು ಜೋರಾಗಿ ಕಳ್ಸೋದಕ್ಕೆ ಲೈಸೆನ್ಸ್ ಬೇಕು. ನಮ್ಮ ಹತ್ರ ಇಲ್ಲ."

"ಗಾಳಿಗೂ ಲೈಸೆನ್ಸಾ? ಇಲ್ಲಿಗೆ ಯಾರು ಬಂದು ನೋಡ್ತಾರೆ ಮಾರಾಯ್ತಿ? ಟ್ಯಾಂಕಿಗೆ ಬ್ಲೀಚಿಂಗ್ ಹಾಕ್ಯಾರಾ ಅಂತ ನೋಡಕ್ಕೇ ಒಬ್ರೂ ಬರಲ್ಲ."

"ಹೊಸದು ಬರೋಕೆ ಮೂರು ವಾರ ಅಕ್ಕ. ಬೇರೆಯವರನ್ನ ಹತ್ಸೋಕೆ ಮೆಂಬರಿಗೆ ಹೇಳ್ಲಾ?"

"ಹೇಳು. ಅವ್ನ ಭಾವಮೈದ ನಾಳೆಯಿಂದ್ಲೇ ಹತ್ತಾನೆ. ಆಮೇಲೆ ಇಳಿಯಲ್ಲ."

"ಮತ್ತೆ ನೀವು...?"

"ನೀ ಕೇಳ್ಬೇಡ, ನಾ ಹೇಳಲ್ಲ" ಎಂದು ಎದ್ದು ಒಳಗೆ ಹೋದರು. ಎದ್ದಾಗ ಒಂದು ಕೈ ಗೋಡೆಯ ಮೇಲಿತ್ತು.

ಅದೇ ಮಧ್ಯಾಹ್ನ ಹಳೆಯ ಮಾಡ್ಯೂಲನ್ನು ಬಿಚ್ಚಿ ಕೆಳಗಿಳಿಸಿದೆ. ಮೆಂಬರಿಗೆ, ಪೆಟ್ಟಿಗೆ ರಿಪೇರಿಗೆ ಹೋಗಿದೆ ಎಂದೆ. ಅದು ಪೂರ್ತಿ ಸುಳ್ಳಲ್ಲ ಎಂದು ಆಗ ಅಂದುಕೊಂಡಿದ್ದೆ.

ಆ ಮೂರು ವಾರ ಐದು ವಾರವಾಯಿತು. ಮೊದಲು ಬಂದ ಮಾಡ್ಯೂಲ್‌ಗಳ ಜೊತೆ ಅನುಮೋದನೆ ಪತ್ರದ ಪ್ರತಿಯೂ ಬಂತು. ಭೂತಗನ್ನಡಿ ಹಿಡಿದು ಮಾದರಿ ಸಂಖ್ಯೆ ಹೋಲಿಸಿದರೆ ಕೊನೆಯ ಎರಡು ಅಕ್ಷರ ಬೇರೆ. ಪತ್ರ ಕಡಿಮೆ ಶಕ್ತಿಯ ಇನ್ನೊಂದು ಮಾಡ್ಯೂಲಿನದು. "ಒಂದೇ ಫ್ಯಾಮಿಲಿ ಮೇಡಂ" ಎಂದ ಮಾರುವವನು. ಅಣ್ಣನ ಲೈಸೆನ್ಸಿನಲ್ಲಿ ತಮ್ಮ ಲಾರಿ ಓಡಿಸಿದಂತೆ ಎಂದು ಹೇಳಿ ವಾಪಸ್ ಕಳಿಸಿದೆ. ಎರಡನೆಯ ಕಡೆಯಿಂದ ಬಂದವುಗಳ ಸಂಖ್ಯೆ ಸರಿಯಿತ್ತು. ಆದರೆ ಅವು ಪೆಟ್ಟಿಗೆಯಿಂದ ತೆಗೆದಾಗ ಯುರೋಪಿನ ೮೬೮ಕ್ಕೇ ಹೊಂದಿಸಿದ್ದವು. ಪ್ರತಿಯೊಂದನ್ನೂ ಕಂಪ್ಯೂಟರಿಗೆ ಜೋಡಿಸಿ ೮೬೫.೪ಕ್ಕೆ ಇಳಿಸಿ, ನಿಜವಾಗಿಯೂ ಅಲ್ಲೇ ಮಾತಾಡುತ್ತಿವೆಯೇ ಎಂದು ಸಣ್ಣ ಸ್ಪೆಕ್ಟ್ರಮ್ ಮೀಟರಿನಲ್ಲಿ ನೋಡಿದೆ. ಪರದೆಯ ಮೇಲೆ ಗುಡ್ಡದಂಥ ಒಂದು ಗೆರೆ ಎದ್ದು ಬೀಳುತ್ತಿತ್ತು. ಸರಿಯಾದ ಜಾಗದಲ್ಲೇ. ಆದರೂ ಪ್ರತಿ ಸಲ ಇನ್ನೊಮ್ಮೆ ನೋಡುತ್ತಿದ್ದೆ.

ದೂರದ ಪರೀಕ್ಷೆಯನ್ನು ಮೊದಲು ತಾಳಗುಂದದ ಕಡೆ ಮಾಡಿದೆ. ಮೆಕ್ಕೆಜೋಳ ಕೊಯ್ದ ಬಯಲು. ಮಾಡ್ಯೂಲನ್ನು ಒಂದು ಕಡೆ ಕೋಲಿಗೆ ಕಟ್ಟಿ ಸ್ಕೂಟರಿನಲ್ಲಿ ದೂರ ಹೋದೆ. ಅರ್ಧ ಕಿಲೋಮೀಟರಿಗೇ ಸಂದೇಶ ನಿಂತಿತು. ಹೊಲದಲ್ಲಿ ಕುರಿ ಬಿಟ್ಟಿದ್ದವನೊಬ್ಬ ನಾನು ಹೋಗುವುದು, ನಿಲ್ಲುವುದು, ಬರುವುದನ್ನೇ ನೋಡಿ, "ಏನ್ ಕಳ್ಕೊಂಡೀರಿ ಅಕ್ಕಾರೆ?" ಎಂದು ಕೇಳಿದ. ಇಡೀ ದಿನ ಹಾಳಾಯಿತು. ಸಂಜೆಗೆ ಗೊತ್ತಾಯಿತು, ಅವಸರದಲ್ಲಿ ಹಳೆಯ ೪೩೩ರ ಆಂಟೆನಾವನ್ನೇ ತಿರುಗಿಸಿ ಹಾಕಿದ್ದೆ. ಅದರೊಳಗಿನ ತಂತಿ ಹದಿನೇಳು ಸೆಂಟಿಮೀಟರು. ಹೊಸದಕ್ಕೆ ಬೇಕಾದದ್ದು ಎಂಟೂವರೆ. ಮರುದಿನ ಸರಿಯಾದ ಆಂಟೆನಾ ಹಾಕಿದಾಗ ಸಂದೇಶ ನಾಲ್ಕು ಕಿಲೋಮೀಟರ್ ಬಂತು. ಆ ಒಂದು ದಿನ ಅಕ್ಕ ಹತ್ತಿದ್ದರೆ, ಅದು ನನ್ನ ಅವಸರಕ್ಕೆ ಹತ್ತಿದ ದಿನ.

ಸೊರಬದ ಕಡೆ ನಾಲ್ಕು ಕಿಲೋಮೀಟರು ಎಂಬುದಕ್ಕೆ ಅರ್ಥವಿಲ್ಲ. ಪಂಪ್‌ಹೌಸು ಏರಿಯ ಮರೆಯಲ್ಲಿ, ತಗ್ಗಿನಲ್ಲಿ. ಬಿದಿರಿನ ಗಳ ನೆಟ್ಟು ಆಂಟೆನಾವನ್ನು ಏರಿಯ ಮೇಲಕ್ಕೆ ಎತ್ತಿ, ಕೇಬಲನ್ನು ಗವಾಕ್ಷಿಯಿಂದ ಒಳಗೆ ತಂದು ಪೆಟ್ಟಿಗೆಗೆ ತಿರುಪಿದ ಮೇಲೆ ಅಂಕಿ ಬಂತು. ಈ ಸಲ ಐದು ನಿಮಿಷಕ್ಕೊಮ್ಮೆ. ಪಕ್ಕದಲ್ಲೇ ಕಾರು ನಿಲ್ಲಿಸಿ ಹತ್ತಾರು ಸಲ ರಿಮೋಟ್ ಒತ್ತಿ ನೋಡಿದೆವು. ಅಕ್ಕ ಮನೆಯಿಂದ ಕಾಫಿ ತಂದುಕೊಟ್ಟರು.

ಇನ್ನೊಂದು ತಪ್ಪು ಒಳಗೇ ಕೂತಿತ್ತು. ಪಂಚಾಯಿತಿಯವರಿಗೆ ಮೊದಲು ತೋರಿಸಿದಾಗ ಪರದೆ ಖಾಲಿ ಕಾಣಬಾರದೆಂದು, ಹೊಸ ಸಂದೇಶ ಬರುವ ತನಕ ಹಿಂದಿನ ಅಂಕಿಯೇ ನಿಂತಿರುವಂತೆ ಬರೆದಿದ್ದೆ. ಅದನ್ನು ಹಾಗೇ ಬಿಟ್ಟಿದ್ದೆ.

ಆಯುಧಪೂಜೆ ಬಂತು. ಅಕ್ಕ ಪಂಪನ್ನೂ ಸ್ಟಾರ್ಟರನ್ನೂ ಸ್ಪ್ಯಾನರುಗಳನ್ನೂ ತೊಳೆದು, ನನ್ನ ಪೆಟ್ಟಿಗೆಗೂ ಚೆಂಡುಹೂವಿನ ಹಾರ ಹಾಕಿದರು. ಕೇಬಲಿನ ತುದಿಯ ತಿರುಪು ಬಂಗಾರದ ಬಣ್ಣದ್ದು. ಹಿತ್ತಾಳೆಯದು ಮಾಸಿದೆ ಎಂದು ಬಿಚ್ಚಿ, ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ, ಒಳಗಿನ ಸೂಜಿಗೂ ಅರಿಶಿನ ಕುಂಕುಮ ಇಟ್ಟು, ಬಿಗಿಯಾಗಿ ತಿರುಪಿದರು. ನಮ್ಮ ಅಂಗಡಿಯಲ್ಲಿ ನಾನೂ ಅದೇ ದಿನ ಸೋಲ್ಡರಿಂಗ್ ಐರನ್ನಿಗೆ ಕುಂಕುಮ ಇಡುತ್ತಿದ್ದೆ. ಹುಳಿಯ ಪಸೆ, ಒದ್ದೆ ಕುಂಕುಮ ಸೇರಿ ತಿರುಪಿನೊಳಗೇ ಸಂದೇಶ ಸತ್ತಿತು. ಪರದೆ ಮಾತ್ರ ಎಪ್ಪತ್ತೆಂಟು ಎಂದು ತೋರಿಸುತ್ತಲೇ ಇತ್ತು. ಆ ಸಂಜೆ ಎಪ್ಪತ್ತೆಂಟು. ಮರುದಿನ ಬೆಳಿಗ್ಗೆಯೂ ಎಪ್ಪತ್ತೆಂಟು. ನೀರಿದೆಯಲ್ಲ ಎಂದು ಅಕ್ಕ ಪಂಪ್ ಹಾಕಲಿಲ್ಲ. ಹಬ್ಬದೂಟಕ್ಕೆ ನೆಂಟರು ಬಂದ ಊರಿನಲ್ಲಿ ವಿಜಯದಶಮಿಯ ದಿನ ನಲ್ಲಿಗಳು ಒಣಗಿದವು.

ಮೆಂಬರು ಫೋನ್ ಮಾಡಿದರು. "ಏನ್ರೀ ಮೇಡಂ, ಬಾಕ್ಸು ಎಪ್ಪತ್ತೆಂಟು ಅಂತೈತೆ, ನಲ್ಲೀಲಿ ಗಾಳಿ ಬರ್ತೈತೆ. ಯಾವ್ದನ್ನ ನಂಬಾನ?"

"ನಲ್ಲಿ ನಂಬಿ ಸರ್. ಪಂಪ್ ಹಾಕಕ್ಕೆ ಹೇಳಿ. ಯಾರನ್ನೂ ಟ್ಯಾಂಕ್ ಹತ್ಸಬೇಡಿ, ನಾನು ಬರ್ತಿದೀನಿ."

"ಹತ್ತಿ ನೋಡೋದು ಅವ್ರ ಕೆಲ್ಸ ಅಲ್ವೇನ್ರೀ?"

ಶಿರಾಳಕೊಪ್ಪದ ಮೇಲೆ ಸ್ಕೂಟರಿನಲ್ಲಿ ಹೋದ ದಾರಿ ಒಂದಿಷ್ಟೂ ನೆನಪಿಲ್ಲ. ತಲುಪಿದಾಗ ಅಕ್ಕ ಟ್ಯಾಂಕಿನ ಬುಡದಲ್ಲಿ, ಏಣಿಯ ಪಕ್ಕ ನಿಂತಿದ್ದರು. ಹಬ್ಬದ ಸೀರೆ. ಎರಡೂ ಅಂಗೈಗೆ ಕೆಂಪು ತುಕ್ಕು ಹತ್ತಿತ್ತು.

"ಹತ್ತಿದ್ರಾ ಅಕ್ಕ?"

"ಹಿಡ್ಕಂಡು ನಿಂತಿದ್ದೆ."

"ಎಷ್ಟು ಹೊತ್ತು?"

"ಈಗ ನೀ ಪೆಟ್ಗೆ ನೋಡ್ತೀಯಾ, ನನ್ ಕೈ ನೋಡ್ತೀಯಾ?"

ಮೆಂಬರು ಅಲ್ಲೇ ಇದ್ದರು. ಅವರೆದುರು ಎರಡನೇ ಸಲ ಕೇಳುವ ಹಾಗಿರಲಿಲ್ಲ. ತಿರುಪನ್ನು ಸ್ಪಿರಿಟಿನಲ್ಲಿ ತೊಳೆದಾಗ ಅರಿವೆ ಕೆಂಪಾಯಿತು. ಅಕ್ಕ ಅದನ್ನು ನೋಡಿ, "ನಾನೇ ಹಾಳ್ ಮಾಡ್ದೆ" ಎಂದರು. ಇಲ್ಲ, ತಪ್ಪು ನನ್ನದು, ಬರದೇ ಇದ್ದ ಸುದ್ದಿಯನ್ನು ಬಂದ ಹಾಗೆ ತೋರಿಸಿದ್ದು ನನ್ನ ಪೆಟ್ಟಿಗೆ ಎಂದು ಮೆಂಬರಿಗೆ ಕೇಳುವಷ್ಟು ಜೋರಾಗಿ ಹೇಳಿದೆ. ಹೇಳಿದೆ ಎಂದೇ ನೆನಪು. ಅಕ್ಕನ ಕೆಲಸ ಉಳಿದದ್ದರಿಂದ ಹೇಳಿರಬೇಕು ಎಂದು ಊಹಿಸುತ್ತಿದ್ದರೂ ಇರಬಹುದು.

ಅಲ್ಲೇ ಕೂತು ಬದಲಿಸಿದೆ. ಹದಿನೈದು ನಿಮಿಷ ಸಂದೇಶ ಬರದಿದ್ದರೆ ಅಂಕಿ ಅಳಿಸಿ ಪರದೆಯ ಮೇಲೆ "ಗೊತ್ತಿಲ್ಲ" ಎಂದು ಬರಬೇಕು. ಜೊತೆಗೆ ಪಂಪ್ ಹಾಕಿದ, ನಿಲ್ಲಿಸಿದ ಹೊತ್ತನ್ನೂ ಪೆಟ್ಟಿಗೆ ಬರೆದಿಟ್ಟುಕೊಳ್ಳಬೇಕು. ಟ್ಯಾಂಕಿನ ಕಡೆಯ ಪೆಟ್ಟಿಗೆಯೂ ಅಳತೆಗಳನ್ನು ತನ್ನಲ್ಲೇ ಉಳಿಸಿಕೊಳ್ಳಬೇಕು. ಕಳಿಸಿದ್ದು ತಲುಪದಿದ್ದರೂ ಆಮೇಲೆ ನೋಡಬಹುದು.

ಅಕ್ಕ ಪರದೆ ನೋಡಿ ಹೇಳಿದರು, "ಗೊತ್ತಿಲ್ಲ ಅನ್ನಕ್ಕೆ ಪಂಚಾಯ್ತೀಲಿ ಅಷ್ಟು ಜನ ಮೆಂಬರಿದ್ದಾರಲ್ಲ ತಂಗಿ, ಅದ್ಕೂ ಒಂದು ಮಿಶಿನ್ ಬೇಕಾ?" ಮೆಂಬರೂ ನಕ್ಕರು. ನಾನು ನಗಲಿಲ್ಲ. ಗೊತ್ತಿಲ್ಲ ಎಂದು ಬಂದಾಗ ಯಾರೋ ಒಬ್ಬರು ಹೋಗಿ ನೋಡಬೇಕಾಗುತ್ತದೆ ಎಂಬುದು ನನಗೆ ಅದನ್ನು ಬರೆಯುವಾಗಲೇ ಹೊಳೆದಿತ್ತು.

ಪೆಟ್ಟಿಗೆ ಈಗಲೂ ನಡೆಯುತ್ತಿದೆ. ಅನುಮೋದನೆ ಇರುವ ಮಾಡ್ಯೂಲಿಗೆ ನಾನು ಬೇರೆ ಆಂಟೆನಾ ಹಾಕಿ ನನ್ನದೇ ಪೆಟ್ಟಿಗೆಯಲ್ಲಿ ಕೂರಿಸಿದ ಮೇಲೆ ಆ ಪೆಟ್ಟಿಗೆಗೂ ಬೇರೆ ಅನುಮೋದನೆ ಬೇಕೇ? ಇದನ್ನು ತಿಳಿದ ಇಬ್ಬರನ್ನು ಕೇಳಿದೆ. ಒಬ್ಬರು ಬೇಡ ಎಂದರು, ಇನ್ನೊಬ್ಬರು ಬೇಕಾಗಬಹುದು ಎಂದರು. ಇಲಾಖೆಗೆ ಬರೆದು ಕೇಳಬೇಕು. ಪತ್ರ ಸಿದ್ಧವಿದೆ. ಬೇಕು ಎಂದು ಉತ್ತರ ಬಂದರೆ ಮತ್ತೆ ಪೆಟ್ಟಿಗೆ ಇಳಿಸಬೇಕಲ್ಲ ಎಂದು ಇನ್ನೂ ಕಳಿಸಿಲ್ಲ.

ಹೋದ ತಿಂಗಳು ಹೋಗಿ ಎರಡೂ ಕಡೆಯ ದಾಖಲೆ ಇಳಿಸಿಕೊಂಡು ಬಂದೆ. ಮಳೆಯಲ್ಲಿ ಮೂರು ಸಲ ಸಂದೇಶ ಗಂಟೆಗಟ್ಟಲೆ ನಿಂತಿದೆ. ಆ ಮೂರು ಸಲವೂ, ಪರದೆಯ ಮೇಲೆ "ಗೊತ್ತಿಲ್ಲ" ಇರುವಾಗಲೇ, ಪಂಪ್ ಹಾಕಿದ್ದಾರೆ. ಮೂರು ಸಲವೂ ಟ್ಯಾಂಕು ತೊಂಬತ್ತೈದರ ಹತ್ತಿರ ಬಂದಾಗ, ಚೆಲ್ಲುವ ಮೊದಲು, ನಿಲ್ಲಿಸಿದ್ದಾರೆ. ಅಲ್ಲಿ ಕರೆಂಟು ದಿನಕ್ಕೊಂದು ಥರ. ತುಂಬಲು ಒಂದು ದಿನ ಎರಡು ಗಂಟೆ ಸಾಕು, ಇನ್ನೊಂದು ದಿನ ಮೂರಾದರೂ ಸಾಲದು; ಗಡಿಯಾರ ನೋಡಿ ನಿಲ್ಲಿಸುವ ಹಾಗಿಲ್ಲ. ಇಷ್ಟು ವರ್ಷ ನೀರು ಬಿಟ್ಟವರಿಗೆ ಮೋಟರಿನ ಸದ್ದಿನಲ್ಲೇ ಅಂದಾಜು ಸಿಗಬಹುದು. ಸಿಗದೆಯೂ ಇರಬಹುದು. ಅಕ್ಕನನ್ನು ಕೇಳಿದೆ. ಅವರು ನನ್ನ ಸ್ಕೂಟರಿನ ಟಯರು ಸವೆದಿದೆ ಎಂದರು. ನನ್ನ ದಾಖಲೆಯಲ್ಲಿ ನೀರಿನ ಮಟ್ಟ ಇದೆ, ಬ್ಯಾಟರಿಯ ವೋಲ್ಟೇಜು ಇದೆ, ಪಂಪಿನ ಹೊತ್ತು ಇದೆ. ಆ ಮೂರು ದಿನ ಏಣಿ ಯಾರು ಹತ್ತಿದರು, ಯಾರಾದರೂ ಹತ್ತಿದರೇ ಎಂಬುದು ಇಲ್ಲ. ನನಗೆ ತಿಳಿದಿಲ್ಲ.